ಪಾಪು ಅಮ್ಮ

"ಪಾಪು ಎತ್ತು," ಎಂದಳು ಹುಡುಗಿ, ತಾಯಿಯ ಮೊಣಕಾಲು ಹಿಡಿದುಕೊಂಡು.

ತಾಯಿ ಒಣಗಿದ ಬಟ್ಟೆಗಳ ರಾಶಿಯನ್ನು ಮುಂದಿಟ್ಟುಕೊಂಡು ಮಡಚುತ್ತ ಕೂತಿದ್ದಳು. ಬಿಸಿಲು ಇನ್ನೂ ನೆತ್ತಿಗೆ ಬಂದಿರಲಿಲ್ಲ, ಆಗಲೇ ಹೊರಗಿನ ಮೆಟ್ಟಿಲ ಮೇಲೆ ಕಾಲಿಡುವ ಹಾಗಿರಲಿಲ್ಲ. ತೊಟ್ಟಿಲಲ್ಲಿದ್ದ ಕೂಸು ಅಳುತ್ತಿರಲಿಲ್ಲ. ತನ್ನ ಎರಡು ಮುಷ್ಟಿಗಳನ್ನು ತಾನೇ ನೋಡಿಕೊಂಡು ಬೆರಗಾಗಿ ಮಲಗಿತ್ತು. ಆದರೂ ಎರಡೂವರೆ ವರ್ಷದ ಮಗಳು ತಮ್ಮನ ಮೇಲೆ ಇಷ್ಟು ಕಾಳಜಿ ತೋರಿಸುವಾಗ ಆಗಲ್ಲ ಅನ್ನುವುದು ಹೇಗೆ? ತಾಯಿ ಎದ್ದು ಕೂಸನ್ನು ಎತ್ತಿಕೊಂಡಳು.

"ನೋಡು, ಪಾಪೂನ ಎತ್ಕೊಂಡೆ. ಅಕ್ಕ ಹೇಳಿದ್ಮೇಲೆ ಮುಗೀತು. ಅಕ್ಕ ಎಷ್ಟು ಜಾಣೆ!"

ಹುಡುಗಿ ತಿರುಗಿ ಅಡುಗೆಮನೆಯ ಬಾಗಿಲು ನೋಡಿದಳು.

"ಏನೇ, ಕರೆದ್ಯಾ?" ಎಂದಿತು ಅಲ್ಲಿಂದ ಒಂದು ದೊಡ್ಡ ಗಂಟಲು.

"ನಿನ್ನಲ್ಲ ಅಕ್ಕಾ. ಈ ಅಕ್ಕನ್ನ."

"ಒಂದೇ ಮನೇಲಿ ಎಷ್ಟು ಜನ ಅಕ್ಕಂದಿರನ್ನ ಸಾಕ್ತೀಯೇ ಮಾರಾಯ್ತಿ!"

ದೊಡ್ಡ ಗಂಟಲಿನ ಅಕ್ಕ ಅಂದರೆ ತಾಯಿಯ ಒಡಹುಟ್ಟಿದ ಅಕ್ಕ, ಮಕ್ಕಳಿಗೆ ದೊಡ್ಡಮ್ಮ. ಬಸ್ ಕಂಡಕ್ಟರ್. ವರ್ಷಗಟ್ಟಲೆ ಹಿಂದಿನ ಬಾಗಿಲಿನಿಂದ ಡ್ರೈವರಿಗೆ ಕೂಗಿ ಕೂಗಿ, ಉಪ್ಪಿನ ಡಬ್ಬ ಎಲ್ಲಿದೆ ಅನ್ನುವುದನ್ನೂ ನಾಲ್ಕು ಮನೆಗೆ ಕೇಳುವಂತೆ ವಿಚಾರಿಸುತ್ತಿದ್ದಳು. ಇನ್ನೊಬ್ಬ ಅಕ್ಕ ಈ ಹುಡುಗಿ. ತಮ್ಮ ಹುಟ್ಟಿದ ಮೇಲೆ ಅವಳಿಗೆ ಸಿಕ್ಕ ಬಡ್ತಿ ಅದು. ಕೊಡುವಾಗ ಯಾರೂ ಅವಳನ್ನು ಒಂದು ಮಾತು ಕೇಳಿರಲಿಲ್ಲ. ಹಾಲಿನವನಿಂದ ಹಿಡಿದು ಪಕ್ಕದ ಮನೆ ಅಜ್ಜಿಯವರೆಗೆ ಎಲ್ಲರೂ "ಏನಮ್ಮಾ ಅಕ್ಕಾ" ಅನ್ನುವವರೇ. ಆದರೆ ಅಕ್ಕಾ ಅಂತ ತಾಯಿ ಕೂಗಿದರೆ ಬರುವವಳು ಅಡುಗೆಮನೆಯ ಆ ದೊಡ್ಡ ಹೆಂಗಸು ಅನ್ನುವುದು ಹುಡುಗಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಯಾರಾದರೂ "ಅಕ್ಕಾ" ಅಂದರೆ ಅವಳು ಓಗೊಡದೆ ಬಾಗಿಲ ಕಡೆ ನೋಡುತ್ತಿದ್ದಳು. ದೊಡ್ಡವರು ಅದನ್ನು ಹಟ ಅಂದರು.

ಮನೆ ಅಂದರೆ ಮುಂದೊಂದು ಉದ್ದನೆಯ ಹಜಾರ, ಹಿಂದೊಂದು ಕೋಣೆ, ಅಡುಗೆಮನೆ, ಬಚ್ಚಲು. ಹುಡುಗಿಯ ಅಪ್ಪ ಫ್ಯಾನು, ಫ್ರಿಜ್ಜು ರಿಪೇರಿ ಮಾಡುವ ಮೆಕ್ಯಾನಿಕ್. ಬೇಸಿಗೆ ಬಂತೆಂದರೆ ಅವನಿಗೆ ಊಟಕ್ಕೂ ಪುರುಸೊತ್ತಿಲ್ಲ. ಅಂಗಡಿಯಲ್ಲಿ ಜಾಗ ಸಾಲದೆ ಊರಿನವರ ಫ್ಯಾನುಗಳೆಲ್ಲ ಹಜಾರದ ಗೋಡೆಗೆ ಒರಗಿ ನಿಂತಿದ್ದವು, ರೆಕ್ಕೆ ಬಿಚ್ಚಿಸಿಕೊಂಡು. ಮನೆಯ ಸ್ವಂತ ಫ್ಯಾನು ಮಾತ್ರ ಟಕ್ ಟಕ್ ಅಂತ ಸೂರಿನಲ್ಲಿ ನಿಧಾನವಾಗಿ ತಿರುಗುತ್ತಿತ್ತು. ಅದನ್ನು ಇಳಿಸಿ ನೋಡುವ ಕೆಲಸ ಕಳೆದ ಬೇಸಿಗೆಯಿಂದ ನಾಳೆಗೆ ಇತ್ತು.

"ಇದು ಗಾಳಿ ಬೀಸಲ್ಲ ಕಣ್ರೀ ಮೆಕ್ಯಾನಿಕ್ರೇ, ತಲೆ ತಿರುಗಿಸ್ತಾ ಎಲ್ಲರನ್ನೂ ಎಣಿಸ್ತಿದೆ," ಎಂದು ದೊಡ್ಡಮ್ಮ ದಿನಕ್ಕೊಮ್ಮೆಯಾದರೂ ಛೇಡಿಸುತ್ತಿದ್ದಳು.

"ನಾಳೆ ಮಾಡ್ತೀನಿ ಅತ್ತಿಗೆ."

"ಆಗಲಿ. ಅಷ್ಟೊತ್ತಿಗೆ ಚಳಿಗಾಲ ಬರುತ್ತೆ, ಬೇಕಾಗೋದೇ ಇಲ್ಲ."

ದೊಡ್ಡಮ್ಮ ರಜೆ ಹಾಕಿ ಬಂದಿದ್ದಳು. ಬರುವಾಗ ಹುಡುಗಿಯನ್ನು ಕರೆತಂದಿದ್ದಳು. ಚಳಿ ಶುರುವಾದಾಗ ತಾಯಿಗೆ ಹೊಟ್ಟೆಯಲ್ಲಿದ್ದ ಕೂಸು ನಿಲ್ಲುವುದೇ ಕಷ್ಟ ಅನ್ನುವ ಹಾಗಾಗಿ, ಡಾಕ್ಟರು ಹಾಸಿಗೆಯಿಂದ ಕಾಲು ಕೆಳಗಿಡಬೇಡಿ ಅಂದಿದ್ದರು. ಎತ್ತಿಕೋ ಅಂತ ಕೈ ಚಾಚುವ ಮಗಳನ್ನು ಎದುರಿಗಿಟ್ಟುಕೊಂಡು ಯಾವ ತಾಯಿ ಕದಲದೆ ಮಲಗುತ್ತಾಳೆ? ದೊಡ್ಡಮ್ಮ ಬಂದು ಹುಡುಗಿಯನ್ನು ತನ್ನ ಊರಿಗೆ ಕರೆದುಕೊಂಡು ಹೋಗಿದ್ದಳು. ಅವಳ ಮಕ್ಕಳಿಬ್ಬರೂ ದೊಡ್ಡವರಾಗಿ ಹಾಸ್ಟೆಲಿನಲ್ಲಿದ್ದರು. ಗಂಡನದು ಮನೆಗೆ ಅಂಟಿಕೊಂಡೇ ಗಡಿಯಾರ ರಿಪೇರಿ ಅಂಗಡಿ, ದಿನವಿಡೀ ಮನೆಯಲ್ಲೇ. ಹುಡುಗಿ ಅಲ್ಲೇ ಮಾತು ಕಲಿತಳು. ಬೇಡದ್ದು ಯಾರಾದರೂ ಮಾಡಿದರೆ, ಬಸ್ಸು ನಿಲ್ಲಿಸುವ ದೊಡ್ಡಮ್ಮನ ಹಾಗೆ, "ಓಲ್ಡಾನ್!" ಅಂತ ಕೈ ಎತ್ತಿ ನಿಲ್ಲಿಸುತ್ತಿದ್ದಳು. ಬೇಕಾದ್ದು ಆದರೆ "ರೈಟ್, ರೈಟ್" ಅನ್ನುತ್ತಿದ್ದಳು. ದೊಡ್ಡಮ್ಮ ಅನ್ನುವ ಪದ ಅವಳ ಬಾಯಿಗೆ ದೊಡ್ಡದಾಯಿತು. ಮೊದಲು ಅದು ಡಮ್ಮ ಆಯಿತು, ಆಮೇಲೆ ಸವೆದು ಬರೀ ಅಮ್ಮ ಆಯಿತು.

ವಾಪಸ್ ಬಂದ ದಿನ ತಾಯಿ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು ಎರಡೂ ಕೈ ಚಾಚಿದ್ದಳು. ಹುಡುಗಿ ದೊಡ್ಡಮ್ಮನ ಕಾಲಿನ ಹಿಂದೆ ಅವಿತುಕೊಂಡು ಇಣುಕಿ ನೋಡಿದಳು. ಬಾಗಿಲಲ್ಲಿ ಕೂತ ಹೆಂಗಸನ್ನು ನೋಡಿದಳು, ಅವಳ ಹಿಂದಿದ್ದ ತೊಟ್ಟಿಲನ್ನು ನೋಡಿದಳು. ಕೊನೆಗೆ ಬೆರಳು ಮಾಡಿ ತೋರಿಸಿ, ಬಹಳ ಮೆಲ್ಲಗೆ, "ಪಾಪು ಅಮ್ಮ," ಅಂದಳು.

"ಅಯ್ಯೋ ಜಾಣೆ! ಬಂದ ತಕ್ಷಣ ಹೇಳಿಬಿಟ್ಲು ನೋಡು, ಹೌದು, ಪಾಪು ಅಮ್ಮಾನೇ," ಎಂದು ಪಕ್ಕದ ಮನೆ ಅಜ್ಜಿ ನಕ್ಕರು. ಎಲ್ಲರೂ ನಕ್ಕರು. ತಾಯಿಯೂ ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ಇದ್ದಳು.

ಅಂದಿನಿಂದ ಅದೇ ಹೆಸರು ನಿಂತಿತು. ನೀರು ಬೇಕಾದರೆ "ಅಮ್ಮ, ನೀರು" ಅಂತ ದೊಡ್ಡಮ್ಮನ ಹತ್ತಿರ ಓಡುತ್ತಿದ್ದಳು. ತಾಯಿ ಎದುರಾದರೆ "ಪಾಪು ಅಮ್ಮ". ಪಾಪುವಿನ ಅಮ್ಮ. ಕೂಸಿನ ಅಮ್ಮ. ನೆಂಟರ ಪೈಕಿ ಯಾರನ್ನೋ ಗುರುತು ಹಿಡಿದು ಕರೆದ ಹಾಗೆ. ಒಂದು ಸಲ ತಾಯಿ ಹುಡುಗಿಯ ಗಲ್ಲ ಹಿಡಿದು ಹೇಳಿಕೊಟ್ಟಳು, "ಬರೀ ಅಮ್ಮ ಅನ್ನು ಚಿನ್ನಾ. ಅ-ಮ್ಮ." ಹುಡುಗಿ ಗಂಭೀರವಾಗಿ ಕೇಳಿಸಿಕೊಂಡು, ತಲೆಯಾಡಿಸಿ, "ಪಾಪು ಅಮ್ಮ," ಅಂದಳು. ತಾಯಿಯ ಕರುಳು ಚುರ್ ಎಂದಿತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಅಷ್ಟು ಚಿಕ್ಕ ಮಗುವಿನ ಮಾತಿಗೆ ನೊಂದುಕೊಂಡೆ ಅಂತ ಹೇಳಿಕೊಳ್ಳಲು ನಾಚಿಕೆಯಾಯಿತು.

ಹುಡುಗಿಯ ಮಾತಿನಲ್ಲಿ ಇನ್ನೊಂದು ಐಬಿತ್ತು, ಅದಂತೂ ಮನೆಮಂದಿಗೆಲ್ಲ ತಮಾಷೆಯ ವಸ್ತು. ಗಂಡು ಕೂಸನ್ನು ಅವಳು ಹೆಣ್ಣು ಮಾಡಿಬಿಟ್ಟಿದ್ದಳು. ತಾಯಿ ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದರೆ ಪಕ್ಕದಲ್ಲಿ ಬಂದು ನಿಂತು, "ಪಾಪು ಹಾಲು ಕುಡೀತಾಳೆ," ಅನ್ನುವಳು.

"ಕುಡೀತಾಳೆ ಅಲ್ಲ ಕಣೇ, ಕುಡೀತಾನೆ," ದೊಡ್ಡಮ್ಮ ತಿದ್ದುವಳು. "ಪಾಪು ಗಂಡು. ಎಲ್ಲಿ ಅನ್ನು, ಕುಡೀತಾನೆ."

"ಕುಡೀತಾಳೆ."

"ಸರಿ ತಾಯಿ, ನಿಂದೇ ರೈಟು. ನಾಳೆ ಅವನು ಮೀಸೆ ಬಿಟ್ಕೊಂಡು ಬಂದು ನಿನ್ನನ್ನೇ ಕೇಳ್ತಾನೆ, ಆಗ ಉತ್ತರ ಕೊಡು."

ಹುಡುಗಿ ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದು, ಬೆರಳು ಬಾಯಲ್ಲಿಟ್ಟುಕೊಂಡು, ಅಪ್ಪ ಬಿಚ್ಚಿಟ್ಟ ಫ್ಯಾನುಗಳ ನಡುವೆ ಹೋಗಿ ಕೂರುತ್ತಿದ್ದಳು.

ಒಂದು ಮಧ್ಯಾಹ್ನ ತಾಯಿ ಮಂಚದ ಕೆಳಗಿನಿಂದ ಹಳೆಯ ಟ್ರಂಕು ಎಳೆದಳು. ಕೂಸಿಗೆ ಸೆಕೆಬೊಕ್ಕೆ ಎದ್ದಿತ್ತು. ತೆಳ್ಳಗಿನ ಹತ್ತಿಯ ಅಂಗಿ ಬೇಕಿತ್ತು. ಅವಳು ಟೈಲರ್. ಮೊದಲ ಬಸಿರಿನಲ್ಲಿ ಕೂತು ತಾನೇ ಹೊಲಿದ ಪುಟ್ಟ ಪುಟ್ಟ ಅಂಗಿಗಳೆಲ್ಲ ಅದರಲ್ಲಿದ್ದವು. ಹಳದಿ ಬಣ್ಣದ್ದೊಂದನ್ನು ತೆಗೆದು ಕೊಡವಿದಳು. ಅದರ ಎದೆಯ ಮೇಲೆ ಬಾತುಕೋಳಿಯ ಜೇಬು. ಬಾತುಕೋಳಿಯ ಕೊಕ್ಕು ಸ್ವಲ್ಪ ಓರೆ, ಆಗ ಕೈ ಅಷ್ಟು ಪಳಗಿರಲಿಲ್ಲ.

ಹುಡುಗಿ ಎಲ್ಲಿದ್ದಳೋ, ಓಡಿ ಬಂದಳು. "ಪಾಪುದು!" ಅಂತ ಎರಡು ಕೈಯಲ್ಲೂ ಅಂಗಿ ಹಿಡಿದಳು.

"ಹ್ಞೂಂ, ಪಾಪುದು. ಕೊಡು, ಪಾಪೂಗೆ ಹಾಕೋಣ."

"ಪಾಪುದು!"

"ಪಾಪುದೇ ಕಣೇ, ಬಿಡು, ಹರಿದೀತು." ತಾಯಿ ಮೆಲ್ಲಗೆ ಬಿಡಿಸಿಕೊಂಡು ಕೂಸಿಗೆ ತೊಡಿಸಿದಳು.

ಹುಡುಗಿ ಒಂದು ಕ್ಷಣ ನೋಡಿದಳು. "ಓಲ್ಡಾನ್!" ಅಂತ ಕಿರುಚಿದಳು. ಆಮೇಲೆ ನೆಲದ ಮೇಲೆ ಬಿದ್ದು ಹೊರಳಾಡಿ ಅತ್ತಳು, ಕೆನ್ನೆ ಕೆಂಪಾಗಿ, ಉಸಿರು ಸಿಕ್ಕಿಕೊಳ್ಳುವ ತನಕ. ಕೂಸೂ ಬೆದರಿ ಅಳತೊಡಗಿತು. ತಾಯಿ ಯಾರನ್ನು ಮೊದಲು ಎತ್ತಿಕೊಳ್ಳಬೇಕೆಂದು ತಿಳಿಯದೆ ನಡುವೆ ನಿಂತಳು. ಅಷ್ಟರಲ್ಲಿ ದೊಡ್ಡಮ್ಮ ಬಂದು ಹುಡುಗಿಯನ್ನು ಬಾಚಿಕೊಂಡಳು; ಹುಡುಗಿ ಅವಳ ಕೊರಳಿಗೆ ಮುಖ ಒತ್ತಿ "ಅಮ್ಮಾ, ಅಮ್ಮಾ" ಎಂದು ಬಿಕ್ಕಿದಳು.

"ಹೊಟ್ಟೆಕಿಚ್ಚು. ಎರಡನೇದು ಹುಟ್ಟಿದಾಗ ಎಲ್ಲಾ ಮಕ್ಕಳೂ ಹೀಗೇ," ಎಂದಳು ದೊಡ್ಡಮ್ಮ.

ತಾಯಿ ಅಳುತ್ತಿದ್ದ ಕೂಸನ್ನು ಎತ್ತಿಕೊಂಡಳು.

ಆ ಸಂಜೆ ನೆಲಕ್ಕೆ ನೀರು ಚಿಮುಕಿಸಿ ಅಕ್ಕತಂಗಿ ಮೆಟ್ಟಿಲ ಮೇಲೆ ಕೂತರು. ರಸ್ತೆಯ ಆಚೆಗೆ ಐಸ್ ಗಾಡಿಯ ಗಂಟೆ ಕೇಳಿಸುತ್ತಿತ್ತು. ದೊಡ್ಡಮ್ಮ ತನಗೆ ಅಪರೂಪವಾದ ಸಣ್ಣ ದನಿಯಲ್ಲಿ ಮಾತು ತೆಗೆದಳು.

"ನನ್ ರಜೆ ಮುಗೀತಾ ಬಂತು ಕಣೇ."

"ಗೊತ್ತು."

"ಒಬ್ಬಳೇ ಎರಡನ್ನೂ ಹೇಗೆ ಸಂಭಾಳಿಸ್ತೀಯ? ಅವರಂತೂ ಬೆಳಿಗ್ಗೆ ಹೋದ್ರೆ ದೀಪ ಹಚ್ಚೋ ಹೊತ್ತಿಗೆ ಬರ್ತಾರೆ. ನಿನ್ನ ಮುಖ ನೋಡ್ಕೊಂಡಿದ್ದೀಯಾ ಕನ್ನಡೀಲಿ?"

"ನೋಡ್ಕೊಳೋಕೆ ಪುರುಸೊತ್ತೆಲ್ಲಿದೆ."

"ಅದಕ್ಕೇ ಹೇಳ್ತೀನಿ. ದೊಡ್ಡದನ್ನ ನಾನು ಕರ್ಕೊಂಡು ಹೋಗ್ತೀನಿ. ಪಾಪು ಎದ್ದು ನಾಲ್ಕು ಹೆಜ್ಜೆ ಇಡೋತನಕ ನಮ್ಮನೇಲಿರ್ಲಿ. ಅಲ್ಲಿ ಅವಳಿಗೆ ಅಭ್ಯಾಸಾನೂ ಆಗಿದೆ. ನಿಂಗೂ ಸ್ವಲ್ಪ ಉಸಿರಾಡೋಕೆ ಆಗುತ್ತೆ."

ಹಾಗೆಂದರೆ ಮುಂದಿನ ಬೇಸಿಗೆಯವರೆಗೆ. ತಾಯಿಗೆ ಬೇಡ ಅನ್ನಬೇಕೆನಿಸಿತು. ನಾಲಿಗೆ ತುದಿಗೆ ಬಂದೂ ಇತ್ತು. ಅದೇ ಹೊತ್ತಿಗೆ ಒಳಗಿನಿಂದ ಹುಡುಗಿ ಬಂದು ದೊಡ್ಡಮ್ಮನ ಬೆನ್ನಿಗೆ ಜೋತು ಬಿದ್ದಳು.

"ಕರ್ಕೊಂಡು ಹೋಗು," ಎಂದಳು ತಾಯಿ. "ಅವಳಿಗೂ ನೀನೇ ಅಮ್ಮ. ನಾನು ಅವಳಿಗೆ ಪಾಪುವಿನ ಅಮ್ಮ, ಅಷ್ಟೇ."

ಮಾತಿಗೆ ಮುಳ್ಳಿತ್ತು. ದೊಡ್ಡಮ್ಮನಿಗೆ ಚುಚ್ಚಿತು ಕೂಡ. ಅವಳು ಬೆನ್ನ ಮೇಲಿನ ಭಾರವನ್ನು ಹಿಂದಕ್ಕೆ ಕೈ ಮಾಡಿ ಸರಿಪಡಿಸಿಕೊಂಡಳು.

ರಾತ್ರಿ ಊಟಕ್ಕೆ ಕೂತಾಗ ಮೆಕ್ಯಾನಿಕ್‌ಗೆ ವಿಷಯ ತಿಳಿಯಿತು. "ಮತ್ತೆ ಕಳಿಸೋದಾ?" ಎಂದು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟ. ಹೆಂಡತಿಯ ಮುಖ ನೋಡಿದ. "ನಿಂಗೆ ಸರೀನಾ?"

"ಹ್ಞೂಂ."

"ನಿಂಗೆ ಸರಿ ಅಂದ್ರೆ..." ಅಂದು ಅವನು ಅನ್ನ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಊಟವಾದ ಮೇಲೆ ಏಣಿ ತಂದು, ಯಾರೂ ಕೇಳದೆಯೇ, ಮನೆಯ ಫ್ಯಾನನ್ನು ಇಳಿಸಿ ಬಿಚ್ಚಿ ಕೂತ.

ಹೊರಡುವ ಹಿಂದಿನ ದಿನ ಇನ್ನೊಂದು ರಾದ್ಧಾಂತ ಆಯಿತು. ಅಕ್ಕತಂಗಿ ಅಡುಗೆಮನೆಯಲ್ಲಿ ಕಲ್ಲಂಗಡಿ ಹೆಚ್ಚುತ್ತಿದ್ದರು. ಹುಡುಗಿ ಹೊರಗಿನಿಂದ ಬಂದು ಬಾಗಿಲಲ್ಲಿ ನಿಂತು, ಕೆಳದುಟಿ ಮುಂದೆ ಮಾಡಿ, "ಪಾಪು ಬಿದ್ಲು," ಅಂದಳು.

ತಾಯಿ ಚಾಕು ಅಲ್ಲೇ ಬಿಸಾಕಿ ತೊಟ್ಟಿಲಿಗೆ ಓಡಿದಳು. ಕೂಸು ಬಾಯಿ ಅರ್ಧ ತೆರೆದು ನಿಶ್ಚಿಂತೆಯಿಂದ ಮಲಗಿತ್ತು.

"ಎಲ್ಲೇ ಬಿದ್ದ? ಮಲಗಿದ್ದಾನಲ್ಲ! ನನ್ ಜೀವಾನೇ ಹೋಗಿತ್ತು. ಹೀಗೆಲ್ಲ ಸುಳ್ಳು ಹೇಳ್ತಾರಾ?"

"ಬಿದ್ಲು ಅಲ್ಲ ಕಣೇ, ಬಿದ್ದ ಅನ್ಬೇಕು," ದೊಡ್ಡಮ್ಮ ಹಿಂದಿನಿಂದ ಬಂದು ನಗುತ್ತಾ ಅಂದಳು. "ಸುಳ್ಳು ಹೇಳಿದ್ರೂ ಸರಿಯಾಗಿ ಹೇಳು."

"ಪಾಪು ಬಿದ್ಲು," ಹುಡುಗಿ ಮತ್ತೆ ಹೇಳಿದಳು. ಈಗ ಗಲ್ಲ ನಡುಗುತ್ತಿತ್ತು. "ಉಫ್ ಮಾಡು."

ತಾಯಿಗೆ ಬೈದದ್ದಕ್ಕೆ ಬೇಸರವಾಯಿತು. ಅವಳ ಸಮಾಧಾನಕ್ಕೆಂದು ತೊಟ್ಟಿಲ ಮೇಲೆ ಬಗ್ಗಿ, ಮಲಗಿದ್ದ ಕೂಸಿನ ಹಣೆಗೆ ಮೆಲ್ಲಗೆ ಊದಿದಳು. "ನೋಡು, ಪಾಪೂಗೆ ಉಫ್ ಮಾಡಿದೆ. ವಾಸಿ ಆಯ್ತು."

ಹುಡುಗಿ ಅದನ್ನು ನೋಡಿದಳು. ಅಳಲಿಲ್ಲ. ತನ್ನ ಉದ್ದನೆಯ ಫ್ರಾಕನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ರೆಕ್ಕೆಯಿಲ್ಲದ ಫ್ಯಾನುಗಳ ಸಾಲಿನ ಹಿಂದೆ ಹೋಗಿ ಕೂತುಬಿಟ್ಟಳು. ಕಲ್ಲಂಗಡಿ ತಟ್ಟೆಯನ್ನು ಅಲ್ಲಿಗೇ ಒಯ್ದು ಕೊಡಬೇಕಾಯಿತು.

ಹೊರಡುವ ದಿನ ಬಂತು. ಸೆಕೆ ಇಳಿದ ಮೇಲೆ ಬಸ್ಸು. ಹುಡುಗಿಯ ಬಟ್ಟೆಯೆಲ್ಲ ಚೀಲಕ್ಕೆ ಸೇರಿತು. ಬಾಗಿಲ ಪಕ್ಕ ಚೀಲದ ಮೇಲೆ ಅವಳ ಕೆಂಪು ಚಪ್ಪಲಿ ಕೂತಿತು. ಮೆಕ್ಯಾನಿಕ್ ಅಂಗಡಿಯಿಂದ ಬೇಗ ಬಂದು, ಸ್ಕೂಟರನ್ನು ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ದಿನಾ ಹುಡುಗಿಗೆ ಸ್ನಾನ ಮಾಡಿಸುವವಳು ದೊಡ್ಡಮ್ಮ. ಬೆಳಿಗ್ಗೆ ಅವಳು ಎತ್ತಿಕೊಂಡಾಗ ತಾಯಿ ತಡೆದಿದ್ದಳು.

"ಈಗ ಬೇಡ ಅಕ್ಕಾ. ಹೊರಡೋ ಮುಂಚೆ ನಾನೇ ಮಾಡಿಸ್ತೀನಿ."

ಬಚ್ಚಲಲ್ಲಿ ನೀಲಿ ಪ್ಲಾಸ್ಟಿಕ್ ಟಬ್ಬಿಗೆ ನೀರು ಬಿಟ್ಟಳು. ತೊಟ್ಟಿಯ ನೀರೇ ಬೆಚ್ಚಗಿತ್ತು, ಕಾಯಿಸುವ ಅಗತ್ಯವೇ ಇರಲಿಲ್ಲ. ಹುಡುಗಿ ಟಬ್ಬಿನಲ್ಲಿ ಕೂತು ಚೊಂಬಿನಿಂದ ನೀರು ತುಂಬಿ ಸುರಿದು, ತುಂಬಿ ಸುರಿದು ಮಾಡುತ್ತಿದ್ದಳು. ತಾಯಿ ಅವಳ ಬೆನ್ನಿಗೆ ಸೋಪು ಹಚ್ಚಿದಳು. ಬೆನ್ನು ಅಗಲವಾಗಿತ್ತು. ಹೋಗುವಾಗ ಇಷ್ಟಿರಲಿಲ್ಲ, ಬೆಳೆದದ್ದೆಲ್ಲ ಬೇರೆ ಊರಿನಲ್ಲಿ. ಮುಂದಿನ ಬೇಸಿಗೆಗೆ ಇನ್ನೆಷ್ಟು ಆಗಿರುತ್ತಾಳೋ, ಆಗ "ಪಾಪು ಅಮ್ಮ" ಅಂತಲೂ ಅನ್ನುತ್ತಾಳೋ ಇಲ್ಲವೋ. ಕಣ್ಣು ಮಂಜಾಯಿತು. ಮಂಜಾದ ಕಣ್ಣಲ್ಲೇ ಕಾಲಿಗೆ ಸೋಪು ಹಚ್ಚಿದಳು.

"ಆಆ!" ಅಂತ ಹುಡುಗಿ ಕಾಲು ಎಳೆದುಕೊಂಡಳು.

ಮೊಣಕಾಲಿನ ಮೇಲೆ ಒಂದು ತರಚು ಗಾಯ. ಹೊಸದು. ಮೇಲೆ ತೆಳ್ಳಗೆ ಹಕ್ಕಳೆ ಕಟ್ಟಿತ್ತು, ಸುತ್ತ ಕೆಂಪಗಿತ್ತು.

"ಅಯ್ಯೋ ಇದೇನೇ! ಯಾವಾಗ ಬಿದ್ದೆ? ಅಮ್ಮಂಗೆ ಹೇಳೋದಲ್ವಾ?"

ಹುಡುಗಿ ಗಾಯ ನೋಡಿಕೊಂಡಳು. ಆಮೇಲೆ ತಾಯಿಯ ಮುಖ ನೋಡಿ, ನಿನ್ನೆ ಹೇಳಿದ್ದನ್ನೇ, ಅದೇ ದನಿಯಲ್ಲಿ ಹೇಳಿದಳು.

"ಪಾಪು ಬಿದ್ಲು."

"ಪಾಪು ಅಲ್ಲ ಕಣೇ, ನೀನು ಬಿದ್..."

ಸೋಪು ಕೈಯಿಂದ ಜಾರಿ ನೀರಿಗೆ ಬಿತ್ತು. ಬಿದ್ಲು. ಕುಡೀತಾಳೆ. ಈ ಮನೆಯಲ್ಲಿ ಎರಡು ವರ್ಷ, ಬೆಳಗಿನಿಂದ ರಾತ್ರಿಯವರೆಗೆ, ಪಾಪು ಎದ್ಲು, ಪಾಪು ಬಂದ್ಲು, ಪಾಪು ಎಲ್ಲಿದ್ದಾಳೆ ಅಂತ ಅಂದವರು ಯಾರು? ತಾನೇ ಅಲ್ಲವೇ? ಆ ಹೆಸರನ್ನು ಇವಳಿಂದ ತೆಗೆದು ತೊಟ್ಟಿಲಿಗೆ ಹಾಕಿದ್ದು ಯಾವಾಗ? ಇವಳಿಗೆ ಯಾರಾದರೂ ಹೇಳಿದ್ದರಾ?

ತಾಯಿ ಒದ್ದೆ ನೆಲದ ಮೇಲೆ ಹಾಗೇ ಕೂತಳು. ಬಹಳ ಜೋಪಾನವಾಗಿ, ಒಂದೊಂದೇ ಪದ ಬಿಡಿಸಿ ಕೇಳಿದಳು.

"ಪಾಪು ಎಲ್ಲಿದ್ದಾಳೆ?"

ಹುಡುಗಿಯ ಮುಖ ಅರಳಿತು. ಇಷ್ಟು ದಿನಕ್ಕೆ ಈ ಮನೆಯಲ್ಲಿ ಒಬ್ಬರು ಸರಿಯಾಗಿ ಕೇಳಿದ್ದರು. ಎರಡೂ ಅಂಗೈಯಿಂದ ತನ್ನ ಒದ್ದೆ ಹೊಟ್ಟೆಯನ್ನು ಪಟ್ ಅಂತ ಹೊಡೆದುಕೊಂಡಳು.

"ಇಲ್ಲಿ!"

"ಮತ್ತೆ... ಪಾಪು ಅಮ್ಮ ಎಲ್ಲಿದ್ದಾಳೆ?"

ಹುಡುಗಿ ಮುಂದೆ ಬಗ್ಗಿ ಸೋಪಿನ ಕೈಯನ್ನು ತಾಯಿಯ ಮೂಗಿನ ಮೇಲೆ ಇಟ್ಟಳು.

ತಾಯಿ ಆ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಈ ಸಲ ನಲ್ಲಿ ಬಿಟ್ಟುಕೊಳ್ಳಲಿಲ್ಲ. ಅಳುತ್ತಲೇ ಬಗ್ಗಿ ಮೊಣಕಾಲಿಗೆ ಊದಿದಳು, ಉಫ್, ಉಫ್. ಹುಡುಗಿ ಇನ್ನೂ ಬೇಕೆಂದು ಕಾಲನ್ನು ಮೇಲೆತ್ತಿ ಕೊಟ್ಟಳು.

ಸದ್ದು ಕೇಳಿ ದೊಡ್ಡಮ್ಮ ಓಡಿ ಬಂದಳು. "ಏನಾಯ್ತೇ? ಜಾರಿದ್ಯಾ?"

"ಅಕ್ಕಾ, ಪಾಪು ಅಂದ್ರೆ ಇವಳೇ ಕಣೇ! ನಿನ್ನೆ ಬಿದ್ದಿದ್ದು ಇವಳು. ನೋಡಿಲ್ಲಿ ಗಾಯ. ಉಫ್ ಮಾಡು ಅಂತ ಬಂದ್ಲು, ನಾನು ಹೋಗಿ ಆ ತೊಟ್ಟಿಲಿಗೆ ಊದಿದೆ. ಎತ್ತು ಅಂತಾಳೆ, ಅವನನ್ನ ಎತ್ಕೋತೀನಿ. ಅಂಗಿ ನಂದು ಅಂದ್ಲು, ಕಿತ್ಕೊಂಡು ಅವನಿಗೆ ಹಾಕ್ದೆ. ಎಂಥ ಮಂಗ ನಾನು! ಪಾಪು ಅಮ್ಮ ಅಂದ್ರೆ ನನ್ನಮ್ಮ ಅಂತ ಅಕ್ಕಾ! ಇಷ್ಟು ದಿನ ನನ್ನಮ್ಮ, ನನ್ನಮ್ಮ ಅಂತಿದ್ದಾಳೆ ನನ್ನ ಕಂದ!"

ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನಮ್ಮನೇಲಿ ಇದ್ದಾಗಲೂ ಅಂತಿದ್ಲು," ಎಂದಳು.

"ಏನು?"

"ಅದೇ. ಸಂಜೆ ಆದ್ರೆ ಗೇಟಿನ ಹತ್ರ ಹೋಗಿ ನಿಲ್ತಿದ್ಲು. ಎಷ್ಟು ಕರೆದ್ರೂ ಬರ್ತಿರ್ಲಿಲ್ಲ. ಪಾಪು ಅಮ್ಮ ಬರ್ತಾಳೆ, ಪಾಪು ಅಮ್ಮ ಬರ್ತಾಳೆ ಅಂತ. ಇವನಿನ್ನೂ ಹುಟ್ಟೇ ಇರ್ಲಿಲ್ಲ ಆಗ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹಾಸಿಗೇಲಿ ಇರ್ತಿದ್ಯಾ? ಎದ್ದು ಓಡಿ ಬರ್ತಿದ್ದೆ." ದೊಡ್ಡಮ್ಮ ತೋಳಿನಿಂದ ಮುಖ ಒರೆಸಿಕೊಂಡಳು. "ಆಮೇಲೆ ಇಲ್ಲಿಗೆ ಬಂದ್ಮೇಲೆ... ನಂಗೆ ಹೊಳೀತೋ, ಹೊಳೆದ್ರೂ ಬೇಡ ಅಂತ ಸುಮ್ಮನಾದ್ನೋ, ನಂಗೇ ಗೊತ್ತಿಲ್ಲ ಕಣೇ. ನನ್ನ ಮಕ್ಕಳು ಈಗ ಫೋನಲ್ಲೂ ಅಮ್ಮ ಅನ್ನೋಕೆ ಅವಸರ ಮಾಡ್ತಾರೆ. ಇವಳು ಅಂದಾಗ ಹಿತವಾಗಿತ್ತು. ಬೈಯೋದಾದ್ರೆ ಬೈದುಬಿಡು."

ತಾಯಿ ಬೈಯಲಿಲ್ಲ. ಟವೆಲಿನಲ್ಲಿ ಹುಡುಗಿಯನ್ನು ಸುತ್ತಿ ಎತ್ತಿಕೊಂಡು, ಅಕ್ಕನ ಭುಜಕ್ಕೆ ತನ್ನ ತಲೆಯನ್ನು ಒಂದು ಸಲ ಡಿಕ್ಕಿ ಹೊಡೆದಳು, ಚಿಕ್ಕವರಿದ್ದಾಗ ಜಗಳ ಮುಗಿಸುತ್ತಿದ್ದ ಹಾಗೆ.

"ಇವಳು ಬರಲ್ಲ ಅಕ್ಕಾ."

"ಗೊತ್ತಾಯ್ತು ಬಿಡೇ. ಚೀಲ ಬಿಚ್ಚು."

ಸಂಜೆ ಸ್ಕೂಟರಿನ ಹಿಂದೆ ದೊಡ್ಡಮ್ಮ ಒಬ್ಬಳೇ ಹತ್ತಿ ಕೂತಳು. ಮೆಕ್ಯಾನಿಕ್‌ಗೆ ಬಚ್ಚಲಿನ ಕಥೆಯೆಲ್ಲ ಒಂದೇ ಉಸಿರಿಗೆ ಕೇಳಿಸಿ ಆಗಿತ್ತು. ಅವನು ಅದಕ್ಕೆ "ಅಯ್ಯೋ ದೇವರೇ" ಅಂದು, ಹುಡುಗಿಯನ್ನು ಎತ್ತಿ ಸೂರಿನ ತನಕ ಹಾರಿಸಿ ಹಿಡಿದಿದ್ದ. ಹಜಾರದಲ್ಲಿ ರಿಪೇರಿಯಾದ ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು. ಹುಡುಗಿ ತಾಯಿಯ ಸೊಂಟದ ಮೇಲಿದ್ದಳು. ಹಳದಿ ಅಂಗಿ ಅವಳಿಗೆ ವಾಪಸ್ ಸಿಕ್ಕಿತ್ತು. ತೋಳು ಹೋಗದೆ, ತಲೆಗೆ ಟೋಪಿಯಂತೆ ಸಿಕ್ಕಿಸಿಕೊಂಡಿದ್ದಳು. ಓರೆ ಕೊಕ್ಕಿನ ಬಾತುಕೋಳಿ ಹಣೆಯ ಮೇಲೆ ಬಂದಿತ್ತು.

"ಹೋಗ್ಲಾ ಪಾಪು?" ಎಂದಳು ದೊಡ್ಡಮ್ಮ. ಎಲ್ಲಾ ಬಸ್ಸುಗಳನ್ನೂ ತಾನೇ ಹೊರಡಿಸುವವಳು, ಈಗ ಅಪ್ಪಣೆಗಾಗಿ ಕಾದು ಕೂತಳು.

ಹುಡುಗಿ ಸ್ವಲ್ಪ ಯೋಚಿಸಿದಳು. ದೊಡ್ಡಮ್ಮನನ್ನು ನೋಡಿದಳು, 'ಅಮ್ಮ' ಅಂತ ಮೆಲ್ಲಗೆ ಅಂದಳು, ಆಮೇಲೆ ಕೈ ಎತ್ತಿದಳು.

"ರೈಟ್, ರೈಟ್."

"ಆಯ್ತು ಕಂಡಕ್ಟ್ರೇ," ಎಂದು ದೊಡ್ಡಮ್ಮ ಮುಖವನ್ನು ಆಚೆ ತಿರುಗಿಸಿಕೊಂಡಳು. ಸ್ಕೂಟರು ತಿರುವು ದಾಟುವವರೆಗೂ ತಾಯಿ ಮೆಟ್ಟಿಲ ಮೇಲೆ ನಿಂತಿದ್ದಳು.

ಒಳಗೆ ಕೂಸು ಎದ್ದು ರಾಗ ತೆಗೆಯಿತು. "ಬಂದೆ, ಬಂದೆ ಪಾ..." ಎಂದ ತಾಯಿ ನಾಲಿಗೆ ಕಚ್ಚಿಕೊಂಡಳು. ಹುಡುಗಿ ಕತ್ತು ಹೊರಳಿಸಿ ಅವಳ ಬಾಯಿಯನ್ನೇ ನೋಡುತ್ತಿದ್ದಳು.

"ಬಂದೆ ಕಣೋ ಮರಿ," ಎಂದಳು ತಾಯಿ.

ಹೊಸ ಹೆಸರನ್ನು ಹುಡುಗಿ ಬಾಯಲ್ಲೇ ಒಮ್ಮೆ ಹೊರಳಿಸಿ ನೋಡಿದಳು. "ಮರಿ ಅಳ್ತಾನೆ," ಅಂದಳು, ಯಾರೂ ತಿದ್ದದೆ. ಆಮೇಲೆ ಬಾಗಿಲಿನಾಚೆಯ ತೊಟ್ಟಿಲಿಗೆ ಕೈ ತೋರಿಸಿ ಕಟ್ಟುನಿಟ್ಟಾಗಿ ಹೇಳಿದಳು: "ಓಲ್ಡಾನ್!" ಕೂಸು ಕೇಳಲಿಲ್ಲ, ಇನ್ನೂ ಜೋರು ಮಾಡಿತು.

ಹುಡುಗಿ ತಾಯಿಯ ಕೊರಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು.

"ಪಾಪು ಎತ್ತು."

"ಎತ್ಕೊಂಡೇ ಇದ್ದೀನಲ್ಲೇ," ಎಂದಳು ತಾಯಿ. ಹಾಗೆಂದು, ಅವಳನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿಕೊಂಡಳು.